ಬಿಡಿ ಬೋರ್ಡುಗಳ ಆಂಪ್ಲಿಫೈಯರ್‌ಗೆ ಇನ್ನೆಷ್ಟು ದಿನ?

ಜಾತ್ರೆಯ ಸಂಜೆ ಆಂಪ್ಲಿಫೈಯರ್ ಸುಟ್ಟರೆ ಮೈಕ್‌ಸೆಟ್‌ನವರು ಯಾವ ರೆಸಿಸ್ಟರ್ ಹೋಯಿತೆಂದು ಹುಡುಕುತ್ತ ಕೂರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಐದಾರು ವೈರು ಕಿತ್ತು, ಸುಟ್ಟ ಬೋರ್ಡನ್ನು ಬದಿಗಿಟ್ಟು ಇನ್ನೊಂದನ್ನು ಕೂರಿಸುತ್ತಾರೆ. ಭಜನೆ ಶುರುವಾಗುವ ಹೊತ್ತಿಗೆ ದನಿ ಬಂದಿರಬೇಕು, ಅಷ್ಟೇ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ದುಡಿಯುವ ಸಣ್ಣ ಆಂಪ್ಲಿಫೈಯರ್‌ಗಳಲ್ಲಿ ಅನೇಕವು ಹೀಗೆ ಬಿಡಿಬಿಡಿಯಾಗಿ ಕೊಂಡು ‘ಅಸೆಂಬಲ್’ ಮಾಡಿದವು. ಟ್ರಾನ್ಸ್‌ಫಾರ್ಮರ್ ಒಬ್ಬರದು, ಬಾಸ್-ಟ್ರೆಬಲ್ ಬೋರ್ಡ್ ಇನ್ನೊಬ್ಬರದು, ಯುಎಸ್‌ಬಿ-ಬ್ಲೂಟೂತ್ ಬೋರ್ಡ್ ಚೀನಾದ್ದು, ತಗಡಿನ ಡಬ್ಬಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಬಂದದ್ದು. ಮುಂಭಾಗದ ಮೇಲೆ ಅಚ್ಚಾದ ಹೆಸರು ಯಾವುದೇ ಇರಲಿ, ಒಳಗಿರುವುದು ನಾಲ್ಕಾರು ಕಡೆಯಿಂದ ಕೂಡಿಬಂದ ಸಂಸಾರ.

ಇದೇ ಉಪಾಯವನ್ನು ಅಮೆರಿಕದ ಗಿಟಾರ್ ಲೋಕವೂ ಕಂಡುಕೊಂಡಿತ್ತು, ಆದರೆ ಬೇರೆಯದೇ ಕಾರಣಕ್ಕೆ. ಬ್ರೂಸ್ ಎಗ್ನೇಟರ್ ಎಂಬ ವಿನ್ಯಾಸಕಾರ ರೂಪಿಸಿದ ಪದ್ಧತಿಯನ್ನು 2000ರ ದಶಕದಲ್ಲಿ ರ‍್ಯಾಂಡಲ್ ಕಂಪನಿ ‘ಎಂಟಿಎಸ್’ ಎಂಬ ಹೆಸರಿನಲ್ಲಿ ಮಾರಿತು. ಒಂದು ಚಾಸಿಸ್, ಅದರೊಳಗೆ ಜಾರಿಸಿ ಕೂರಿಸುವ ಪುಟ್ಟ ಪ್ರೀಆಂಪ್ ಮಾಡ್ಯೂಲ್‌ಗಳು, ಪ್ರತಿಯೊಂದರಲ್ಲಿ ಎರಡು 12ಎಎಕ್ಸ್7 ವಾಲ್ವ್‌ಗಳು. ಒಂದು ಮಾಡ್ಯೂಲ್ ಹಾಕಿದರೆ ಹಳೆಯ ಫೆಂಡರ್‌ನ ತಿಳಿದನಿ, ಇನ್ನೊಂದು ಹಾಕಿದರೆ ಮಾರ್ಷಲ್‌ನ ಗರಗರ. ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಹೆಸರಿನ ಮಾಡ್ಯೂಲ್‌ಗಳೂ ಬಂದವು. ಹತ್ತು ಆಂಪ್ಲಿಫೈಯರ್ ಕೊಳ್ಳುವ ಬದಲು ಒಂದನ್ನು ಕೊಂಡು ಹತ್ತು ಮಾಡ್ಯೂಲ್ ಇಟ್ಟುಕೊಳ್ಳಿ ಎಂಬುದು ವ್ಯಾಪಾರದ ಮಾತು. ಅದನ್ನು ನಂಬಿ ಬಂದವರು ಚಿಕ್ಕದಾದರೂ ಬಲು ನಿಷ್ಠೆಯ ಬಳಗವಾದರು.

ಆಮೇಲೆ ಕಂಪನಿ ಆ ಸಾಲನ್ನೇ ನಿಲ್ಲಿಸಿತು.

ಮನೆಯಲ್ಲಿ ಹತ್ತಾರು ಮಾಡ್ಯೂಲ್ ಇಟ್ಟುಕೊಂಡವರಿಗೆ ಉಳಿದದ್ದು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ ಮತ್ತು ಹಳೆಯ ಮಾಡ್ಯೂಲ್‌ಗಳ ಒಡಲು ಬಿಚ್ಚಿ ಸರ್ಕ್ಯೂಟ್ ತಿದ್ದಿಕೊಡುವ ಕೆಲವು ಕುಶಲಕರ್ಮಿಗಳು. ಮುಂದೆ ಸಿನರ್ಜಿ ಎಂಬ ಹೊಸ ಬ್ರ್ಯಾಂಡ್ ಅದೇ ಪದ್ಧತಿಯನ್ನು ಮತ್ತೆ ಎತ್ತಿಕೊಂಡಿತು. ಹಳೆಯ ಮಾಡ್ಯೂಲ್‌ಗಳೂ ಅದರ ಚಾಸಿಸ್‌ನಲ್ಲಿ ಕೂರುವಂತೆ ನೋಡಿಕೊಂಡಿತು. ಬಳಗ ಉಳಿಯಿತು. ಆದರೆ ಅದರ ಕತ್ತಿನ ಮೇಲೆ ಎರಡು ಕತ್ತಿಗಳು ತೂಗುತ್ತಿವೆ. ಒಂದು, ಕೆಂಪರ್ ಕಂಪನಿ 2011ರಲ್ಲಿ ತಂದ ಪ್ರೊಫೈಲರ್‌ನಿಂದ ಬಿರುಸುಗೊಂಡ ಡಿಜಿಟಲ್ ನಕಲು: ಇಂದು ಉಚಿತ ತಂತ್ರಾಂಶವೊಂದು ಲ್ಯಾಪ್‌ಟಾಪಿನೊಳಗೇ ಸಾವಿರ ಆಂಪ್ಲಿಫೈಯರ್‌ಗಳ ದನಿ ಕೂರಿಸಿಕೊಡುತ್ತದೆ. ಇನ್ನೊಂದು, ವಾಲ್ವ್‌ಗಳ ಪೂರೈಕೆ. ರಷ್ಯಾದ ಸರಾತೊವ್, ಸ್ಲೊವಾಕಿಯಾ, ಚೀನಾ ಎಂದು ಬೆರಳೆಣಿಕೆಯ ಕಾರ್ಖಾನೆಗಳನ್ನೇ ಇಡೀ ಗಿಟಾರ್ ಜಗತ್ತು ನೆಚ್ಚಿದೆ. 2022ರ ಯುದ್ಧದ ಹೊತ್ತಿಗೆ ರಷ್ಯಾದ ರಫ್ತು ತಡೆಬಿದ್ದಾಗ ವಾಲ್ವ್ ಬೆಲೆ ಏರಿದ್ದನ್ನು ಗಿಟಾರಿಗರು ಇನ್ನೂ ಮರೆತಿಲ್ಲ. (ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಆರಂಭಿಸಿತ್ತು. ಧಾರವಾಡ ಆಕಾಶವಾಣಿ ಕೇಳಿಸುತ್ತಿದ್ದ ಕಾಲದ ಆ ಬಿಇಎಲ್ ಇಸಿಸಿ83 ವಾಲ್ವ್ ಇಂದು ಹೊರದೇಶದ ಸಂಗ್ರಾಹಕರ ಪಟ್ಟಿಯಲ್ಲಿ ಇದೆ. ನಮ್ಮಲ್ಲಿ ಅದು ಎಷ್ಟೋ ವರ್ಷದ ಹಿಂದೆಯೇ ಗುಜರಿ ಸೇರಿತು.)

ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ಕೇಳಬೇಕಾದ ಪ್ರಶ್ನೆ ಒಂದಿದೆ: ಬಿಡಿ ಭಾಗಗಳ ಆಂಪ್ಲಿಫೈಯರ್‌ಗೆ ಭವಿಷ್ಯ ಇದೆಯೇ? ಡಿಜಿಟಲ್ ಎಲ್ಲವನ್ನೂ ನುಂಗುತ್ತದೆ ಎನ್ನುವುದು ಸುಲಭದ ಉತ್ತರ. ಆದರೆ ಆ ಉತ್ತರ ಎರಡು ಬಳಗಗಳ ನಡುವಣ ದೊಡ್ಡ ವ್ಯತ್ಯಾಸವನ್ನು ಕಾಣುವುದಿಲ್ಲ. ಅಲ್ಲಿ ಮಾಡ್ಯೂಲ್ ಬದಲಿಸುವುದು ದನಿಯ ರುಚಿ ಬದಲಿಸಲು. ಇಲ್ಲಿ ಬದಲಿಸುವುದು ನಿಂತ ದನಿಯನ್ನು ಮತ್ತೆ ಹೊರಡಿಸಲು. ರುಚಿಗೆ ಇನ್ನೊಂದು ದಾರಿ ಸಿಕ್ಕರೆ ಮೊದಲ ಬಗೆಯ ಮಾರುಕಟ್ಟೆ ಕರಗುತ್ತದೆ. ಕರೆಂಟು ಏರಿಳಿಯುತ್ತಿರುವವರೆಗೆ, ಡಬ್ಬಿಯೊಳಗೆ ದೂಳು ಸೇರುತ್ತಿರುವವರೆಗೆ, ಹಬ್ಬದ ದಿನವನ್ನು ಮುಂದೂಡಲಾಗದಿರುವವರೆಗೆ ಎರಡನೆಯದಕ್ಕೆ ಕೆಲಸ ಇದ್ದೇ ಇರುತ್ತದೆ.

ಇನ್ನೊಂದು ವ್ಯತ್ಯಾಸ ಯಜಮಾನಿಕೆಯದು. ಎಂಟಿಎಸ್‌ಗೆ ಒಬ್ಬ ಯಜಮಾನ ಇದ್ದ. ಅವನು ಕೈಬಿಟ್ಟಾಗ ಇನ್ನೊಬ್ಬ ಯಜಮಾನ ಬರುವವರೆಗೆ ಕಾಯಬೇಕಾಯಿತು. ರಾಣೇಬೆನ್ನೂರಿನ ಪದ್ಧತಿಗೆ ಯಜಮಾನನೇ ಇಲ್ಲ. ‘4440 ಬೋರ್ಡ್’ ಎಂದರೆ ಮೈಕ್‌ಸೆಟ್ ರಿಪೇರಿಯವರಿಗೆಲ್ಲ ಗೊತ್ತು. ಅದು ಜಪಾನಿನ ಸ್ಯಾನ್ಯೊ ಕಂಪನಿಯ ಎಲ್ಎ4440 ಐಸಿ. ಸ್ಯಾನ್ಯೊದ ಸೆಮಿಕಂಡಕ್ಟರ್ ವಿಭಾಗ 2011ರಲ್ಲಿ ಅಮೆರಿಕದ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಇಲ್ಲಿನ ಅಂಗಡಿಗಳಿಗೆ ಅದರ ಸುದ್ದಿಯೂ ತಟ್ಟಲಿಲ್ಲ. ಅದೇ ಕಾಲುಗಳ, ಅದೇ ವೈರಿಂಗಿನ ಐಸಿಗಳು ಚೀನಾದಿಂದ ಬರುತ್ತಲೇ ಇವೆ. 12 ವೋಲ್ಟ್ ಕೊಟ್ಟರೆ ಸಾಕು. ಮನೆಯ ಟ್ರಾನ್ಸ್‌ಫಾರ್ಮರ್ ಆದರೂ ಸರಿ, ಟ್ರ್ಯಾಕ್ಟರ್ ಬ್ಯಾಟರಿ ಆದರೂ ಸರಿ. ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ನಡುವೆ ತನ್ನ ಸಿಂಥಸೈಜರ್ ಮಾಡ್ಯೂಲ್‌ಗಳ ಅಳತೆ, ವೋಲ್ಟೇಜ್‌ಗಳನ್ನು ಬಿಚ್ಚಿಟ್ಟಿದ್ದರಿಂದಲೇ ‘ಯೂರೋರ‍್ಯಾಕ್’ ಎಂಬ ಹೆಸರಿನಲ್ಲಿ ನೂರಾರು ತಯಾರಕರ ಲೋಕ ಬೆಳೆಯಿತು. ಆತ ಯೋಚಿಸಿ ಮಾಡಿದ್ದು ನಮ್ಮಲ್ಲಿ ಯಾರೂ ಯೋಚಿಸದೆ ಆಗಿಹೋಗಿದೆ.

ಯಜಮಾನನಿಲ್ಲದ ಹೊಲಕ್ಕೆ ಬೇಲಿಯೂ ಇರುವುದಿಲ್ಲ, ಸಮಸ್ಯೆ ಇರುವುದೇ ಇಲ್ಲಿ. ತೋಷಿಬಾ ಹೆಸರಿನ 5200-1943 ಟ್ರಾನ್ಸಿಸ್ಟರ್ ಜೋಡಿ, ಸ್ಯಾನ್ಯೊ ಹೆಸರಿನ ಎಸ್‌ಟಿಕೆ ಐಸಿ ಕೊಂಡರೆ ಒಳಗೆ ಏನಿದೆ ಎಂಬುದು ಸುಡುವವರೆಗೂ ತಿಳಿಯದು. ನಕಲಿ ಮಾಲಿನ ಹಾವಳಿ ಇಡೀ ಜಗತ್ತಿನ ರಿಪೇರಿಯವರನ್ನು ಕಾಡುತ್ತಿದೆ, ಹಾವೇರಿಯೇನೂ ಹೊರತಲ್ಲ. ಅದಕ್ಕಿಂತ ಕೆಟ್ಟದ್ದು ವಾಟ್‌ನ ಸುಳ್ಳು. 4440 ಐಸಿಯಿಂದ ಬ್ರಿಡ್ಜ್ ಜೋಡಣೆಯಲ್ಲಿ ಹೊರಡುವುದು 19 ವಾಟ್ ಎಂದು ಅದರ ತಯಾರಕರೇ ಬರೆದಿದ್ದಾರೆ. ಡಬ್ಬಿಯ ಮೇಲೆ ಮಾತ್ರ ‘5000 ವಾಟ್ ಪಿಎಂಪಿಒ’. 12-0-12, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್‌ನ ಒಟ್ಟು ಯೋಗ್ಯತೆ 72 ವೋಲ್ಟ್-ಆಂಪಿಯರ್. ಅದರಿಂದ 5000 ವಾಟ್ ಹಿಂಡಲು ಪವಾಡಪುರುಷರೇ ಬರಬೇಕು.

ಜೋಡಿಸಿದ ಮಾಲು ಎಂದರೆ ಕೀಳು ಎಂಬ ಭಾವನೆಗೂ ಇದೇ ಮೂಲ. ಆದರೆ ಜೋಡಣೆ ಎಂಬ ಕೆಲಸವೇ ಕೀಳಲ್ಲ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್‌ಗೆ ಗಿಟಾರಿಗರಿಂದ ಬೇಡಿಕೆ ಬಂತು. ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ತರಿಸಲು ದುಬಾರಿ. ಕೆನ್ ಬ್ರ್ಯಾನ್, ಡಡ್ಲಿ ಕ್ರೇವನ್ ಎಂಬ ಇಬ್ಬರೊಡನೆ ಸೇರಿ ಮಾರ್ಷಲ್ ಫೆಂಡರ್ ಬ್ಯಾಸ್‌ಮ್ಯಾನ್‌ನ ಸರ್ಕ್ಯೂಟನ್ನೇ ಎದುರಿಗಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳಿಂದ ಜೆಟಿಎಂ45 ಜೋಡಿಸಿದರು. ಭಾಗಗಳು ಬದಲಾದದ್ದರಿಂದ ದನಿಯೂ ತುಸು ಬದಲಾಯಿತು. ಆ ಬದಲಾದ ದನಿಯೇ ರಾಕ್ ಸಂಗೀತದ ಗುರುತಾಯಿತು. ಶುದ್ಧ ಅಸೆಂಬಲ್ ಮಾಲು! ಮಾರ್ಷಲ್‌ಗೂ ನಮ್ಮ ಅಂಗಡಿಗಳಿಗೂ ಇರುವ ವ್ಯತ್ಯಾಸ ಬಹುಶಃ ಇಷ್ಟೇ: ಆತ ಜೋಡಿಸಿದ್ದಕ್ಕೆ ತನ್ನ ಹೆಸರು ಹಾಕಿದ, ಹಾಗಾಗಿ ಅದರ ದನಿಗೆ ಆತನೇ ಹೊಣೆಯಾದ.

ಹಾಗಾದರೆ ಇಲ್ಲಿನವರು ಯಾವ ಮಾರುಕಟ್ಟೆಯನ್ನು ನೆಚ್ಚಬೇಕು? ಡಿಜೆಯನ್ನಂತೂ ಅಲ್ಲ. ಗಣೇಶನ ಮೆರವಣಿಗೆಗೆ ಎದೆ ನಡುಗಿಸುವ ಸದ್ದು ಬೇಕೆಂದವರು ಈಗಾಗಲೇ ಸಿದ್ಧ ಸಿಸ್ಟಮ್‌ಗಳತ್ತ ಹೊರಳಿದ್ದಾರೆ, ಆ ಮಟ್ಟದಲ್ಲಿ ಬಿಡಿ ಬೋರ್ಡು ಪೈಪೋಟಿ ಕೊಡಲಾರದು. ಕಾನೂನೂ ಆ ಸದ್ದಿನ ಬೆನ್ನು ಹತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು 75 ಡೆಸಿಬಲ್ ದಾಟುವಂತಿಲ್ಲ. ಭೌತಶಾಸ್ತ್ರವೂ ಈ ಓಟವನ್ನು ನೋಡಿ ನಗುತ್ತದೆ: 50 ವಾಟ್ ಇದ್ದದ್ದನ್ನು 100 ಮಾಡಿದರೆ ಹೆಚ್ಚುವುದು ಮೂರೇ ಡೆಸಿಬಲ್. ಕಿವಿಗೆ ಎರಡರಷ್ಟು ಎನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಹತ್ತು ಪಟ್ಟು ಖರ್ಚು ಮಾಡುವವರು ಜೋಡಿಸಿದ್ದನ್ನು ಏಕೆ ಕೊಳ್ಳುತ್ತಾರೆ?

ಬೇಡಿಕೆ ಇರುವುದು ಕೆಳಗಿನ ಸಾಲಿನಲ್ಲಿ, ಅದೂ ಹೊಸಹೊಸ ಬಗೆಯಲ್ಲಿ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವರು ಈಗ ಗಂಟಲು ಹರಿದುಕೊಳ್ಳುವುದಿಲ್ಲ. ದರವನ್ನು ಒಮ್ಮೆ ರೆಕಾರ್ಡ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಬ್ಯಾಟರಿ ಆಂಪ್ಲಿಫೈಯರ್‌ನಿಂದ ದಿನವಿಡೀ ಕೂಗಿಸುತ್ತಾರೆ. ಹಂದಿ, ಹಕ್ಕಿಗಳ ಕಾಟಕ್ಕೆ ಹೊಲದ ನಡುವೆ ಹಾರ್ನ್ ಕಟ್ಟಿ ನಾಯಿ ಬೊಗಳಿಸುವ ರೈತರೂ ಇದ್ದಾರೆ. 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯವನ್ನು ಮಗ್ಗುಲಲ್ಲೇ ಇಟ್ಟುಕೊಂಡ ರಾಣೇಬೆನ್ನೂರಿನ ಸೀಮೆಗೆ ಬೆಳೆ ಕಾಯುವ ಕಷ್ಟ ಹೊಸದೇನಲ್ಲ. ದೀಪಾವಳಿ ಹಿಂದುಮುಂದಿನ ಹೋರಿ ಬೆದರಿಸುವ ಸ್ಪರ್ಧೆಗೆ, ಶಾಲೆಯ ಪ್ರಾರ್ಥನೆಗೆ, ಗುಡಿಯ ಬೆಳಗಿನ ಹಾಡಿಗೆ ಬೇಕಾದದ್ದೂ 20ರಿಂದ 100 ವಾಟ್‌ವರೆಗಿನದ್ದೇ. ಇವು ಯಾವುದಕ್ಕೂ ದೊಡ್ಡ ಕಂಪನಿಗಳು ಪ್ರತ್ಯೇಕ ಮಾದರಿ ಮಾಡಿಕೊಡುವುದಿಲ್ಲ. ಬೇಕಾದವರು ಅಂಗಡಿಗೆ ಹೋಗಿ ‘ಹಿಂಗಿಂಗ ಬೇಕು’ ಎಂದು ಹೇಳಿ ಮಾಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅವಕಾಶ ಸಂಗೀತದಲ್ಲಿದೆ. ಅದನ್ನು ಕಂಡವರು ಮಾತ್ರ ವಿರಳ. ಶಿಗ್ಗಾವಿ ತಾಲೂಕಿನ ಶಿಶುನಾಳ ಇದೇ ಹಾವೇರಿ ಜಿಲ್ಲೆಯದು; ಷರೀಫರ ತತ್ವಪದ ಹಾಡದ ಭಜನಾ ಮಂಡಳಿ ಈ ಸೀಮೆಯಲ್ಲಿ ಇರಲಾರದು. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ನಾಲ್ಕೈದು ಕೊರಳು. ಎಲ್ಲಕ್ಕೂ ಒಂದೋ ಎರಡೋ ಮೈಕು. ಪರಿಣಾಮ ಗೊತ್ತಿರುವುದೇ: ತಾಳ ಕಿವಿ ಕುಕ್ಕುತ್ತದೆ, ಏಕತಾರಿ ಎಲ್ಲೋ ಕಳೆದುಹೋಗುತ್ತದೆ, ದನಿ ಏರಿಸಿದರೆ ಹಾರ್ನ್ ಕುಂಯ್ ಎಂದು ಕೂಗುತ್ತದೆ. ರಸಮಂಜರಿ ತಂಡದ ಗಿಟಾರಿಗರ ಪಾಡೂ ಇದೇ. ಗಿಟಾರಿನ ಪಿಕಪ್‌ಗೆ ಎದುರಾಗುವ ಇನ್‌ಪುಟ್ ತಡೆ ಸುಮಾರು 10 ಲಕ್ಷ ಓಮ್‌ನಷ್ಟು ದೊಡ್ಡದಿರಬೇಕು. ಮೈಕ್‌ಗೆಂದು ಮಾಡಿದ ಇನ್‌ಪುಟ್‌ನ ತಡೆ ಅದಕ್ಕಿಂತ ಬಹಳ ಕಡಿಮೆ. ಅದಕ್ಕೆ ನೇರ ಜೋಡಿಸಿದರೆ ತಂತಿಯ ಮೇಲಿನ ಮಿನುಗೆಲ್ಲ ಸತ್ತು ಮಂಕು ದನಿ ಉಳಿಯುತ್ತದೆ. ಏಕತಾರಿಗೆ ಅಂಟಿಸುವ ಪೀಜೋ ಪಿಕಪ್‌ಗೂ ಇದೇ ತೊಂದರೆ. ಪರಿಹಾರ ದೊಡ್ಡದಲ್ಲ, ಟಿಎಲ್072ರಂಥ ಅಗ್ಗದ ಐಸಿಯ ಬೆರಳಗಲದ ಬೋರ್ಡೊಂದು ಸಾಕು. ಗಿಟಾರಿಗೊಂದು, ಏಕತಾರಿಗೊಂದು, ಹಾರ್ಮೋನಿಯಂಗೊಂದು ಇನ್‌ಪುಟ್ ಬೋರ್ಡ್ ಮಾಡಿ ಇದೇ ಡಬ್ಬಿಯಲ್ಲಿ ಕೂರಿಸಿದರೆ, ಅಮೆರಿಕದವರು ರುಚಿಗೆಂದು ಮಾಡಿದ ಮಾಡ್ಯೂಲ್ ಇಲ್ಲಿ ತತ್ವಪದದ ಮಾತು ಕೊನೆಯ ಸಾಲಿನವರಿಗೂ ತಿಳಿಯುವಂತೆ ಮಾಡುವ ಸಾಧನವಾಗುತ್ತದೆ.

ಇದಕ್ಕೆ ಬೇಕಾದ ಕಸುಬು ಉಳಿದಿದೆಯೇ ಎಂಬುದು ನ್ಯಾಯವಾದ ಅನುಮಾನ. ರೇಡಿಯೊ ರಿಪೇರಿ ಕಲಿತ ತಲೆಮಾರಿಗೆ ಸರ್ಕ್ಯೂಟ್ ಓದಲು ಬರುತ್ತಿತ್ತು. ಈಗಿನ ಹುಡುಗರು ಬೋರ್ಡ್ ಬದಲಿಸುತ್ತಾರೆ, ಅಷ್ಟೇ, ಎಂದು ಹಳಬರು ಗೊಣಗುತ್ತಾರೆ. ಹೊಸ ಕ್ಲಾಸ್-ಡಿ ಬೋರ್ಡುಗಳು ಆ ಗೊಣಗಾಟಕ್ಕೆ ಪುಷ್ಟಿ ಕೊಡುತ್ತವೆ: ಅಂಗೈಯಗಲದ ಟಿಪಿಎ3116 ಬೋರ್ಡು 24 ವೋಲ್ಟ್‌ಗೂ ಹೆಚ್ಚು ಬಿಸಿಯಾಗದೆ ದುಡಿಯುತ್ತದೆ, ಆದರೆ ಅಕ್ಕಿಕಾಳಿಗಿಂತ ಸಣ್ಣ ಭಾಗಗಳಿಗೆ ಸಾದಾ ಸೋಲ್ಡರಿಂಗ್ ಐರನ್ ಹಿಡಿಯಲಾಗದು. ಹಳಬರ ಮಾತು ಅರ್ಧ ಸರಿ. ಬೋರ್ಡ್ ಬದಲಿಸುವುದರಿಂದ ಶುರುಮಾಡಿದವರೇ ಮುಂದೆ ಸುಟ್ಟ ಬೋರ್ಡನ್ನು ರಾತ್ರಿ ಬಿಚ್ಚಿ ನೋಡುವವರು. ಮುಚ್ಚಿ ಅಂಟಿಸಿದ ಕಂಪನಿ ಸ್ಪೀಕರ್ ಆ ಕುತೂಹಲಕ್ಕೂ ಎಡೆ ಕೊಡುವುದಿಲ್ಲ. ತಮಿಳು, ಮಲಯಾಳಂ, ಹಿಂದಿ ವಿಡಿಯೋ ನೋಡಿ, ಮಾತು ಅರ್ಧಂಬರ್ಧ ತಿಳಿದರೂ ಕೈ ನೋಡಿಯೇ ಕಲಿಯುವ ಹುಡುಗರು ಇದ್ದಾರೆ. ಅವರಿಗೆ ಇಲ್ಲದಿರುವುದು ವಾಟ್, ಓಮ್‌ಗಳ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡುವವರು.

ಇಷ್ಟಾದ ಮೇಲೂ ಕೌಂಟರಿನ ಎದುರು ನಿಂತ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವಾಟ್?’ ಎಂಬುದೇ. ಪಕ್ಕದ ಅಂಗಡಿಯ ಡಬ್ಬಿಯ ಮೇಲೆ 5000 ಎಂದಿರುವಾಗ, ಚೆನ್ನಾಗಿ ಜೋಡಿಸಿದ, ಏಕತಾರಿಯನ್ನೂ ಕೇಳಿಸುವ ತನ್ನ ಡಬ್ಬಿಯ ಮೇಲೆ ‘40’ ಎಂದು ನಿಜ ಬರೆದು, ಕೆಳಗೆ ತನ್ನ ಊರಿನ, ಅಂಗಡಿಯ ಹೆಸರು ಅಚ್ಚು ಹಾಕಿಸುವ ಮೊದಲ ಅಂಗಡಿಯವರು ಒಂದೆರಡು ಹಬ್ಬಗಳ ವ್ಯಾಪಾರವನ್ನಾದರೂ ಕಳೆದುಕೊಳ್ಳುತ್ತಾರೆ. ಆ ನಷ್ಟವನ್ನು ಒಬ್ಬರೇ ಹೊರುವುದು ಕಷ್ಟ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರಿನ ಹತ್ತಿಪ್ಪತ್ತು ಅಂಗಡಿಗಳು ಮಾತಾಡಿಕೊಂಡು ಟ್ರಾನ್ಸ್‌ಫಾರ್ಮರ್‌ನ ನಿಜ ಅಳತೆಯನ್ನೇ ಡಬ್ಬಿಯ ಮೇಲೆ ಬರೆಯುವುದಾದರೆ ಪಾಲಿಗೆ ಬರುವ ನಷ್ಟ ತೀರಾ ಚಿಕ್ಕದು.