ಹಮ್ಮಿಣಿಯ ಅಳತೆಯಲ್ಲಿ ಮಕ್ಕಳ ನಲಿವು

ನಮ್ಮ ಹಿರಿಯರ ಕಾಲದಲ್ಲಿ ಮನೆಮಂದಿಯೆಲ್ಲ ಕೂಡಿ ಹೊರಡುವ ಪ್ರವಾಸವೆಂದರೆ ಜಾತ್ರೆಯೇ ಆಗಿತ್ತು. ಚಕ್ಕಡಿ ಹೂಡಿ, ಬುತ್ತಿ ಕಟ್ಟಿ, ತೇರಿನ ದಿನಕ್ಕೆ ಸರಿಯಾಗಿ ಊರು ಸೇರುತ್ತಿದ್ದರು. ತೇರಿಗೆ ಉತ್ತತ್ತಿ ಎಸೆದು ಕೈಮುಗಿದ ಮೇಲೆ ಮಕ್ಕಳಿಗೆ ಬೆಂಡು-ಬೆತ್ತಾಸು, ಪೀಪಿ, ತಿರುಗುವ ತೊಟ್ಟಿಲಿನಲ್ಲಿ ಒಂದು ಸುತ್ತು. ಅಷ್ಟರಿಂದಲೇ ಮಗುವಿನ ವರುಷ ತುಂಬುತ್ತಿತ್ತು. ಕಾಲ ಕಳೆದಂತೆ ಆ ತೊಟ್ಟಿಲು ಬೆಳೆದು ದೊಡ್ಡದಾಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿಯವರು 1955ರಲ್ಲಿ ಡಿಸ್ನಿಲ್ಯಾಂಡನ್ನು ತೆರೆದರು. ನಮ್ಮ ದೇಶದಲ್ಲಿ 1984ರಲ್ಲಿ ದೆಹಲಿಯ ಅಪ್ಪು ಘರ್ ಆರಂಭವಾಗಿ, 2008ರವರೆಗೆ ನಡೆಯಿತು. ಕನ್ನಡ ನಾಡಿನಲ್ಲಿ 2005ರಲ್ಲಿ ಬೆಂಗಳೂರು-ಮೈಸೂರು ಹಾದಿಯ ಬಿಡದಿಯ ಬಳಿ ವಂಡರ್‌ಲಾ ಬಂದಿತು. ಇಂದು ಹಳ್ಳಿಯ ಶಾಲೆಯ ಮಕ್ಕಳ ಬಾಯಲ್ಲಿಯೂ ಆ ಹೆಸರು ನಲಿದಾಡುತ್ತಿದೆ.

ಓದುಗ ತಾಯಿಯೊಬ್ಬರು ಈಚೆಗೆ ನಮಗೆ ಪತ್ರ ಬರೆದಿದ್ದಾರೆ. ಅತ್ತೆ, ಪತಿ, ಹನ್ನೆರಡರ ಮಗಳು, ಒಂಬತ್ತರ ಮಗ ಸೇರಿ ಐವರ ಸಂಸಾರ. ಊರು ಹುಬ್ಬಳ್ಳಿಯ ಸಮೀಪ. ಪತಿಯ ಸಂಬಳ ಚಿಕ್ಕದು. ತರಗತಿಯ ಗೆಳೆಯರೆಲ್ಲ ವಂಡರ್‌ಲಾ ನೋಡಿ ಬಂದರೆಂದು ಮಗ ಹಟ ಹಿಡಿದಿದ್ದಾನೆ. ಮಗನ ಮೋರೆ ಬಾಡಿದ್ದನ್ನು ಸಹಿಸಲಾರದ ತಂದೆ ಸಂಘದಲ್ಲಿ ಸಾಲ ಎತ್ತಲು ಹೊರಟಿದ್ದಾರೆ. “ಬೇಡವೆಂದರೆ ಮಕ್ಕಳ ಸಂತೋಷಕ್ಕೆ ಕಲ್ಲು ಹಾಕಿದವಳಾಗುತ್ತೇನೆ, ಹೂಂ ಎಂದರೆ ವರುಷವಿಡೀ ಕಂತು ಕಟ್ಟಬೇಕು, ಏನು ಮಾಡಲಿ?” ಎಂಬುದು ಆ ತಾಯಿಯ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ಆದ್ದರಿಂದ ಇಲ್ಲಿಯೇ ಉತ್ತರಿಸುವುದು ಉಚಿತವೆಂದು ಬಗೆದಿದ್ದೇವೆ.

ಹೋಗಲೇಬಾರದೆಂದು ನಾವು ಹೇಳಲಾರೆವು. ಶರಣರು ಸಂಸಾರವನ್ನು ಹಳಿದವರಲ್ಲ. ಮಡದಿ ಮಕ್ಕಳೊಡನೆ ಬಾಳಿ, ಬಾಳನ್ನೇ ಸಾಧನೆಯಾಗಿಸಿಕೊಂಡವರು. ಮಕ್ಕಳ ನಗುವಿನಲ್ಲಿ ದೋಷವಿಲ್ಲ. ದೋಷವಿರುವುದು, ಇಲ್ಲದ ಹಣವನ್ನು ಇದೆಯೆಂದು ತೋರಿಸುವುದರಲ್ಲಿ. ಸಾಲದಿಂದ ಕೊಂಡ ಒಂದು ದಿನದ ನಲಿವನ್ನು ಮನೆಯಾಕೆ ತಿಂಗಳುಗಟ್ಟಲೆ ಎಣ್ಣೆ-ಬೇಳೆಗಳಲ್ಲಿ ಕಡಿತಮಾಡಿ ತೀರಿಸಬೇಕಾಗುತ್ತದೆ. ಆ ಕಡಿತ ಮಕ್ಕಳ ತಟ್ಟೆಗೂ ಬರುತ್ತದೆ.

ಈ ಸಂದರ್ಭದಲ್ಲಿ ಆಯ್ದಕ್ಕಿ ದಂಪತಿಗಳು ನಮ್ಮ ನೆನಪಿಗೆ ಬರುತ್ತಾರೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟೇಕೆ ತಂದಿರಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಿರುಗಿಸಿದರು. ಈ ಪ್ರಸಂಗವನ್ನು ನಾವೆಲ್ಲ ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಅದರೊಳಗಿನ ಒಂದು ಸಂಗತಿಯನ್ನು ಗಮನಿಸುವುದು ಕಡಿಮೆ. ಮನೆಗೆ ಎಷ್ಟು ಬೇಕು ಎಂಬ ಲೆಕ್ಕ ಲಕ್ಕಮ್ಮನವರಿಗೆ ಗೊತ್ತಿತ್ತು, ಅದನ್ನು ಹೇಳುವ ಅಧಿಕಾರವೂ ಅವರಿಗಿತ್ತು. ಲೆಕ್ಕವು ಗಂಡನ ಜೇಬಿನಲ್ಲಿ ಮುಚ್ಚಿಕೊಂಡಿರಲಿಲ್ಲ.

ನಮ್ಮ ಮೊದಲ ಸೂಚನೆ ಇದೇ: ಊರು ಗೊತ್ತುಮಾಡುವ ಮುನ್ನ ಹಮ್ಮಿಣಿಯನ್ನು ಬಿಚ್ಚಿ ಎಲ್ಲರ ನಡುವೆ ಇಡಿರಿ. ಒಂದು ಸಂಜೆ ಅತ್ತೆ, ಸೊಸೆ, ಮಕ್ಕಳು ಎಲ್ಲರೂ ಕುಳಿತಿರುವಾಗ “ನಮ್ಮಲ್ಲಿರುವುದು ಇಷ್ಟು” ಎಂದು ತಂದೆ ಬಾಯಿಬಿಟ್ಟು ಹೇಳಲಿ. ತಂದೆಯ ಮಾನ ಇದರಿಂದ ಕಡಿಮೆಯಾಗುವುದಿಲ್ಲ. ಕಾರಣ ತಿಳಿಯದೆ “ಬೇಡ” ಎನಿಸಿಕೊಂಡ ಮಗು ಕುಗ್ಗುತ್ತದೆ. ತಾನೇ ಕೂಡಿ ಕಳೆದು ಲೆಕ್ಕಹಾಕಿದ ಮಗು ಕುಗ್ಗುವುದಿಲ್ಲ. ದಿನಕ್ಕೆ 60 ರೂಪಾಯಿಯಂತೆ ಒಂದು ಡಬ್ಬಿಯಲ್ಲಿ ಹಾಕುತ್ತ ಬಂದರೆ 200 ದಿನಗಳಲ್ಲಿ 12,000 ರೂಪಾಯಿ ಕೂಡುತ್ತದೆ. ಡಬ್ಬಿ ತುಂಬಿಸುವ ಕೆಲಸ ಮಗನದಾಗಲಿ, ಬರೆದಿಡುವ ಕೆಲಸ ಮಗಳದಾಗಲಿ. ಕೂಡಿದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಕಾಯಿಲೆ-ಕಸಾಲೆಗೆಂದು ಮೊದಲೇ ತೆಗೆದಿಟ್ಟು, ಉಳಿದುದನ್ನು ಪ್ರಯಾಣ, ಪ್ರವೇಶ, ಊಟ-ವಸತಿ ಎಂದು ಮೂರು ಲಕೋಟೆಗಳಲ್ಲಿ ಹಂಚಿರಿ. ಒಂದು ಲಕೋಟೆಯಿಂದ ಇನ್ನೊಂದಕ್ಕೆ ಕೈಹಾಕುವಾಗ ಮನೆಯವರೆಲ್ಲರ ಒಪ್ಪಿಗೆ ಬೇಕೆಂಬ ನಿಯಮವಿರಲಿ.

ಇನ್ನು ಪ್ರಯಾಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಆರರಿಂದ ಹನ್ನೆರಡು ವರುಷದ ಮಕ್ಕಳಿಗೆ ಅರ್ಧ ಟಿಕೆಟ್ಟು. ಪತ್ರ ಬರೆದ ತಾಯಿಯ ಮನೆಗೆ ಇದನ್ನು ಅನ್ವಯಿಸಿ ನೋಡಿರಿ: ಅಜ್ಜಿ, ತಾಯಿ, ಮಗಳು ಈ ಮೂವರಿಗೂ ಖರ್ಚಿಲ್ಲ, ತಂದೆಗೆ ಒಂದು, ಮಗನಿಗೆ ಅರ್ಧ. ಐವರ ಪ್ರಯಾಣ ಒಂದೂವರೆ ಟಿಕೆಟ್ಟಿನಲ್ಲಿ ಮುಗಿಯುತ್ತದೆ. ರೈಲಿನಲ್ಲಿ ಹೋಗುವವರು ಎರಡು ಮಾತು ನೆನಪಿಡಬೇಕು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಐದು ದಾಟಿದ ಮಗುವಿಗೆ ಪ್ರತ್ಯೇಕ ಬರ್ತು ಬೇಕೆಂದರೆ 2016ರಿಂದ ಪೂರ್ಣ ದರ.

ದಿನವನ್ನು ಆರಿಸುವುದರಲ್ಲಿಯೂ ಉಳಿತಾಯವಿದೆ. ಇಂತಹ ಉದ್ಯಾನಗಳಲ್ಲಿ ವಾರಾಂತ್ಯದ ಮತ್ತು ರಜಾದಿನಗಳ ದರ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಒಂದೊಂದು ಆಟಕ್ಕೆ ತಾಸುಗಟ್ಟಲೆ ಸಾಲಿನಲ್ಲಿ ನಿಂತರೆ ಕೊಟ್ಟ ಹಣದ ಅರ್ಧ ಸಾಲಿನಲ್ಲಿಯೇ ಕರಗಿಹೋಗುತ್ತದೆ. ಸೋಮವಾರದ ಪೂಜೆಯನ್ನು ಮನೆಯಲ್ಲಿ ಮುಗಿಸಿ ರಾತ್ರಿಯ ಬಸ್ಸು ಹಿಡಿದರೆ ಮಂಗಳವಾರ ಬೆಂಗಳೂರು. ಅಂದು ವಿಶ್ರಮಿಸಿ ಬುಧವಾರ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬಿಡದಿಯಲ್ಲಿರುವುದು ಲೇಸು. ಟಿಕೆಟ್ಟಿನ ದರವನ್ನೂ ವಿದ್ಯಾರ್ಥಿಗಳ ಹಾಗೂ ಹಿರಿಯರ ರಿಯಾಯಿತಿಯನ್ನೂ ಮೊಬೈಲಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿರಿ.

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸು ನೋಡಿ ಕೊಡುವುದಿಲ್ಲ, ಎತ್ತರ ಅಳೆದು ಕೊಡುತ್ತಾರೆ. ಕೆಲವು ಆಟಗಳಿಗೆ ಇಷ್ಟು ಎತ್ತರವಿರಲೇಬೇಕೆಂಬ ಕಟ್ಟಳೆಯೂ ಉಂಟು. ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ ಅಳೆದುಕೊಂಡು ಹೋದರೆ ಲೆಕ್ಕವೂ ತಪ್ಪದು, ಅಲ್ಲಿ ಅಳುವೂ ಇರದು. ಇಲ್ಲೊಂದು ಮಾತನ್ನು ಕಟುವಾಗಿಯೇ ಹೇಳುತ್ತೇವೆ. ಮಂಡಿ ಬಗ್ಗಿಸಿ ನಿಲ್ಲು ಎಂದು ಮಗನಿಗೆ, ಹನ್ನೊಂದೆಂದು ಹೇಳು ಎಂದು ಹದಿಮೂರರ ಹುಡುಗನಿಗೆ ಕಲಿಸುವ ತಂದೆತಾಯಿಗಳಿದ್ದಾರೆ. ಉಳಿಯುವುದು ಕೆಲವು ನೂರು ರೂಪಾಯಿ. ಆದರೆ ಸುಳ್ಳಿಗೂ ಒಂದು ಬೆಲೆಯುಂಟೆಂದು ಆ ಮಗು ಅಂದು ಕಲಿಯುತ್ತದೆ, ಕಲಿಸಿದವರು ತನ್ನ ಹೆತ್ತವರೆಂಬುದನ್ನು ಎಂದೂ ಮರೆಯುವುದಿಲ್ಲ. ಪೂರ್ಣ ಟಿಕೆಟ್ಟಿಗೆ ಹಣ ಸಾಲದಿದ್ದರೆ ಇನ್ನೆರಡು ತಿಂಗಳು ಡಬ್ಬಿ ತುಂಬಿಸೋಣ. ಸುಳ್ಳು ಮಾತ್ರ ಬೇಡ.

ಊಟದ ವಿಷಯದಲ್ಲಿ ನಮ್ಮ ತಾಯಂದಿರಿಗೆ ನಾವು ಕಲಿಸಬೇಕಾದುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದಿಷ್ಟು ಮಾದಲಿ ಕಟ್ಟಿಕೊಂಡರೆ ಮೂರು ದಿನ ಕೆಡದು. ಆದರೆ ಹೊರಗಿನ ಆಹಾರವನ್ನು ಉದ್ಯಾನದೊಳಗೆ ಬಿಡುವುದಿಲ್ಲ. ಬೆಳಗ್ಗೆ ಹೊಟ್ಟೆತುಂಬ ಉಂಡು ಒಳಹೋಗಿ, ನಡುಮಧ್ಯಾಹ್ನದ ಒಂದು ಊಟಕ್ಕೆ ಮಾತ್ರ ಹಣ ಎತ್ತಿಟ್ಟು, ಸಂಜೆ ಹೊರಬಂದ ಮೇಲೆ ಮತ್ತೆ ಬುತ್ತಿ ಬಿಚ್ಚುವುದು ಸರಿಯಾದ ಕ್ರಮ. ನೀರಿನ ಆಟಗಳಿಗೆ ನೈಲಾನಿನ ಉಡುಪು ಕಡ್ಡಾಯ. ಸೀರೆ, ಹತ್ತಿಯ ಬಟ್ಟೆ ನಡೆಯವು. ಅಲ್ಲಿ ಹೋಗಿ ಕೊಳ್ಳುವ ಬದಲು ಊರಿನ ಸಂತೆಯಲ್ಲಿಯೇ ಕೊಂಡಿಟ್ಟುಕೊಳ್ಳಿರಿ.

ಇಷ್ಟಲಿಂಗ ಧರಿಸಿದವರು ಇನ್ನೊಂದು ವಿಚಾರವನ್ನು ಮುಂಚಿತವಾಗಿ ಯೋಚಿಸಬೇಕು. ತಲೆಕೆಳಗಾಗಿಸುವ ಯಂತ್ರಗಳಲ್ಲಿಯೂ ರಭಸದ ನೀರಿನಲ್ಲಿಯೂ ಶಿವದಾರ ಸಡಿಲಿ ಕರಡಿಗೆ ಜಾರುವ ಭಯವುಂಟು. ಹಾಗೆಂದು ಲಿಂಗವನ್ನು ತೆಗೆದು ಬಾಡಿಗೆಯ ಲಾಕರಿನಲ್ಲಿ ಇಡುವುದು ಸಲ್ಲದು. ಅಂತಹ ಆಟಗಳನ್ನು ಬಿಟ್ಟು, ಶಾಂತವಾದವುಗಳನ್ನು ಆರಿಸಿಕೊಳ್ಳುವುದೇ ಉತ್ತಮ. ಆಟವೊಂದು ತಪ್ಪಿದರೆ ದೊಡ್ಡ ನಷ್ಟವಿಲ್ಲ.

ಹಿರಿಯರನ್ನು ಕೇಳದೆ ಅವರ ಹೆಸರಿನಲ್ಲಿ ಟಿಕೆಟ್ಟು ಕೊಳ್ಳಬೇಡಿರಿ. ಕೇಳದೆ ಮನೆಯಲ್ಲಿ ಬಿಟ್ಟೂ ಹೋಗಬೇಡಿರಿ. ರಕ್ತದೊತ್ತಡ, ಹೃದಯದ ಬೇನೆ ಇದ್ದವರಿಗೆ, ಗರ್ಭಿಣಿಯರಿಗೆ ಅಲ್ಲಿಯ ಹೆಚ್ಚಿನ ಆಟಗಳು ಸಲ್ಲವು. ಅಂದು ಅಜ್ಜಿ ಬೆಂಗಳೂರಿನ ಬಂಧುಗಳ ಮನೆಯಲ್ಲಿರಬಯಸಿದರೆ ಹಾಗೆಯೇ ಆಗಲಿ. ಆದರೆ ಮರುದಿನ ಅವರದಾಗಬೇಕು. ಬಿಡದಿಯಿಂದ ಮುಂದೆ ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕವಿದೆ. ಅಲ್ಲಿಯ ಬೀಸುವ ಕಲ್ಲು, ಒನಕೆ, ಕೂರಿಗೆ, ತೊಗಲುಬೊಂಬೆಗಳ ಮುಂದೆ ಅಜ್ಜಿಯೇ ಗುರು, ಮೊಮ್ಮಕ್ಕಳು ಶಿಷ್ಯರು. ಪ್ರವೇಶದ ಹಣವೂ ಭಾರವಲ್ಲ.

ವಸತಿಯ ಬಗ್ಗೆ ಒಂದು ಮಾತು, ಮಠದ ಅನ್ನ ಉಂಡು ಬೆಳೆದ ನಾವು ಹೇಳದೆ ಇರಲಾರೆವು. “ಮಠವಿದೆಯಲ್ಲ, ಪುಕ್ಕಟೆ ಊಟ, ಪುಕ್ಕಟೆ ಕೋಣೆ” ಎಂದು ಪ್ರವಾಸದ ಲೆಕ್ಕದಲ್ಲಿ ಬರೆದುಕೊಳ್ಳುವವರಿದ್ದಾರೆ. ತುಮಕೂರಿನ ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಾವಿರಾರು ಬಡ ವಿದ್ಯಾರ್ಥಿಗಳು ಉಣ್ಣುವ ಅನ್ನವು ರೈತರು ಹೊತ್ತು ತಂದ ಧಾನ್ಯದಿಂದ ಆದುದು. ಹಸಿದು ಬಂದವರನ್ನು ಮಠ ಎಂದೂ ಕೇಳುವುದಿಲ್ಲ; ಕೇಳದಿರುವುದೇ ಅದರ ಧರ್ಮ. ಉಂಡವರ ಧರ್ಮ ಬೇರೆ. ದರ್ಶನಕ್ಕೆ ಹೋಗಿರಿ, ಪ್ರಸಾದ ಸ್ವೀಕರಿಸಿರಿ. ಜೊತೆಗೆ ಒಂದು ಸೇರು ಅಕ್ಕಿಯನ್ನೋ ಶಕ್ತ್ಯನುಸಾರ ಕಾಣಿಕೆಯನ್ನೋ ಸಲ್ಲಿಸಿರಿ, ಮಕ್ಕಳಿಂದ ಒಂದು ಪಂಕ್ತಿಗೆ ನೀರು ಬಡಿಸಿರಿ. ದಾಸೋಹವನ್ನು ಅಗ್ಗದ ಖಾನಾವಳಿಯೆಂದು ಬಗೆಯಬಾರದು. ಬಂಧುಗಳ ಮನೆಗೂ ಇದೇ ಮಾತು. ನಗರದ ಎರಡು ಕೋಣೆಯ ಮನೆಗೆ ಐವರು ಹೋಗಿ ಮೂರು ದಿನ ಕುಳಿತರೆ ನಮ್ಮ ಉಳಿತಾಯ ಅವರ ಸಾಲವಾದೀತು. ಒಂದು ರಾತ್ರಿ ಸಾಕು; ಅದೂ ರೊಟ್ಟಿಯ ಗಂಟಿನೊಡನೆ.

ಇಷ್ಟೆಲ್ಲ ಕೂಡಿಸಿಯೂ ಬೆಂಗಳೂರು ಎಟುಕದ ಮನೆಗಳುಂಟು. ಅವರು ನಿರಾಶರಾಗಬೇಕಿಲ್ಲ. ಹುಬ್ಬಳ್ಳಿ-ಹಾವೇರಿ ಹೆದ್ದಾರಿಯಲ್ಲಿ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಬಳಿ, ಕಲಾವಿದ ದಿವಂಗತ ಟಿ. ಬಿ. ಸೊಲಬಕ್ಕನವರ ಕನಸಿನ ಉತ್ಸವ ರಾಕ್ ಗಾರ್ಡನ್ ಇದೆ. ಉಳುವ ರೈತ, ರೊಟ್ಟಿ ಬಡಿಯುವ ತಾಯಿ, ದನಕರು, ಸಂತೆ ಹೀಗೆ ನಮ್ಮ ಹಳ್ಳಿಯ ಬಾಳುವೆ ನೂರಾರು ಶಿಲ್ಪಗಳಲ್ಲಿ ಆಳೆತ್ತರಕ್ಕೆ ನಿಂತಿದೆ. ಅದೇ ತಾಲೂಕಿನಲ್ಲಿ ಕನಕದಾಸರ ಜನ್ಮಸ್ಥಳ ಬಾಡವೂ ಶರೀಫರ ಶಿಶುವಿನಹಾಳವೂ ಇವೆ. ಬೆಳಗ್ಗೆ ಬುತ್ತಿ ಕಟ್ಟಿ ಹೊರಟರೆ ರಾತ್ರಿ ಮನೆಗೆ ಮರಳಬಹುದು; ವಸತಿಯ ಲಕೋಟೆಯೇ ಬೇಡ. ಇದನ್ನು ಈ ವರುಷ ಮಾಡಿ, ಬಿಡದಿಯ ಡಬ್ಬಿಯನ್ನು ಮುಂದಿನ ವರುಷಕ್ಕೆ ತುಂಬಿಸುತ್ತ ಹೋಗಬಹುದು. ಕಾಯುವುದನ್ನು ಕಲಿಯುವುದೂ ಬಾಲ್ಯದ ಒಂದು ಪಾಠವೇ.

ಮಕ್ಕಳು ದೊಡ್ಡವರಾದ ಮೇಲೆ ಯಾವ ಯಂತ್ರ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ಮರೆತಾರು. ಅಪ್ಪ ಲೆಕ್ಕವನ್ನು ತಮ್ಮ ಮುಂದೆ ಬಿಚ್ಚಿಟ್ಟದ್ದನ್ನು, ಅವ್ವ ಅಂದು ದಣಿಯದೆ ನಕ್ಕದ್ದನ್ನು ಮರೆಯಲಾರರು. ಹಿಂದಿರುಗಿ ಬಂದ ದಿನ ಯಾರ ಬಾಗಿಲಿಗೂ ಕಂತು ಹಿಡಿದುಕೊಂಡು ಹೋಗಬೇಕಾಗಿಲ್ಲದ ಪ್ರವಾಸವೇ ಸುಖದ ಪ್ರವಾಸ. ಎಲ್ಲ ಮನೆಗಳಿಗೂ ಅಂತಹ ಪ್ರವಾಸ ದೊರೆಯಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.