ತಾನಾಗಿಯೇ ಕಟ್ ಆಗುತ್ತದಮ್ಮ

ಮನೆಯಲ್ಲಿ ತಾನಾಗಿಯೇ ಆಗುವ ಕೆಲಸ ಎಂಬುದು ಯಾವುದೂ ಇಲ್ಲವೆಂದು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದವಳು ನಾನು. ಅನ್ನ ತಾನಾಗಿ ಬೇಯುವುದಿಲ್ಲ, ಒಗೆದ ಬಟ್ಟೆ ತಾನಾಗಿ ಮಡಿಕೆಯಾಗುವುದಿಲ್ಲ, ದೇವರ ಮನೆಯ ದೀಪದ ಮಸಿ ತಾನಾಗಿ ಹೋಗುವುದಿಲ್ಲ. ಎಲ್ಲದರ ಹಿಂದೆಯೂ ಒಬ್ಬಳು ನಿಂತಿರುತ್ತಾಳೆ. ತಾನಾಗಿ ಆಗುವುದೆಂದರೆ ಹಾಲು ಉಕ್ಕುವುದೊಂದೇ. ಅದೂ ನಾವು ಆಚೆ ತಿರುಗಿದ ಹೊತ್ತಿನಲ್ಲಿ.

ಇಷ್ಟು ಗೊತ್ತಿದ್ದೂ, "ಕರೆಂಟ್ ಬಿಲ್ಲಿನ ಚಿಂತೆ ಬಿಡಮ್ಮ, ಇನ್ನು ಮೇಲೆ ನಿನ್ನ ಅಕೌಂಟಿನಿಂದ ತಾನಾಗಿಯೇ ಕಟ್ ಆಗುತ್ತದೆ" ಎಂದು ಮಗ ಹೇಳಿದಾಗ ನಾನು ಹೂಂ ಎಂದೆ. ಅವನು ಬೆಂಗಳೂರಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಆ ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದು ಒಂದೂವರೆ ತಿಂಗಳು ಇದ್ದದ್ದರಿಂದ ಯೂನಿಟ್ಟು 200 ದಾಟಿ, ಗೃಹಜ್ಯೋತಿಯ ಸೊನ್ನೆ ಬಿಲ್ಲು ತಪ್ಪಿ, ಕಟ್ಟುವುದು ಮರೆತು, ಲೈನ್‌ಮನ್ ಬಾಗಿಲಿಗೆ ಬಂದಿದ್ದ. ಮಗನಿಗೆ ಅದು ಅವಮಾನವೆನಿಸಿತು. ಸೋಫಾದ ಮೇಲೆ ಕೂತು ಐದು ನಿಮಿಷದಲ್ಲಿ ಏನೇನೋ ಒತ್ತಿ, "ಆಯ್ತು ನೋಡು" ಎಂದ. ನನ್ನ ಪಿಂಚಣಿ ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಅವನದೇ. ನಮ್ಮವರು ತೀರಿಕೊಂಡಾಗ ಖಾತೆ ಮಾಡಿಸಲು ಓಡಾಡಿದವನು ಅವನಾದ್ದರಿಂದ ಹಾಗಾಗಿತ್ತು. ಎಷ್ಟು ಮೊತ್ತದವರೆಗೆ ತೆಗೆಯಬಹುದು ಎಂಬ ಜಾಗದಲ್ಲಿ "ಇರಲಿ" ಎಂದು 10,000 ಎಂದು ಹಾಕಿದ್ದನಂತೆ. ಅದು ನನಗೆ ತಿಳಿದದ್ದು ಆಮೇಲೆ.

ನನಗೆ ಬರುವುದು ಕುಟುಂಬ ಪಿಂಚಣಿ. ಮನೆಯವರ ಕೊನೆಯ ಮೂಲ ಸಂಬಳದಲ್ಲಿ ನೂರಕ್ಕೆ 30ರ ಲೆಕ್ಕ, ಜೊತೆಗೆ ತುಟ್ಟಿಭತ್ಯೆ. ಎಲ್ಲ ಸೇರಿ ಕೈಗೆ 17 ಸಾವಿರ ಚಿಲ್ಲರೆ. ಅವರಿದ್ದಾಗ ನೂರಕ್ಕೆ 50 ಇತ್ತು. ಗಂಡ ಹೋದ ಮೇಲೆ ಖರ್ಚೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಈ ಲೆಕ್ಕ ಹಾಕಿದವರು ಭಾವಿಸಿರಬೇಕು. ಅವರು ಯಾರೂ ಮನೆ ನಡೆಸಿದವರಲ್ಲ. ಮನೆಯಲ್ಲಿ ಒಬ್ಬರು ಕಡಿಮೆಯಾದದ್ದು ಫ್ರಿಜ್ಜಿಗೆ ಗೊತ್ತಾಗುವುದಿಲ್ಲ. ಅಂಗಳದ ಬಲ್ಬು ಮೊದಲು ಹತ್ತು ಗಂಟೆಗೆ ಆರುತ್ತಿತ್ತು, ಈಗ ಒಬ್ಬಳೇ ಎಂಬ ಅಂಜಿಕೆಗೆ ಬೆಳಗಿನವರೆಗೆ ಉರಿಯುತ್ತದೆ. ಗ್ಯಾಸಿನ ಸಿಲಿಂಡರ್ ಒಂದು ತಿಂಗಳಿಗೆ ಬದಲು ಎರಡು ತಿಂಗಳು ಬರುತ್ತದೆ, ನಿಜ. ಆದರೆ ಮಾತ್ರೆಯ ಪಟ್ಟಿ ಅಷ್ಟೇ ಉದ್ದವಾಗಿದೆ.

ಈ ಹಣದಲ್ಲಿ ತಿಂಗಳು ದೂಡುವುದಕ್ಕೆ ಒಂದು ವಿದ್ಯೆ ಬೇಕು. ಅದನ್ನು ಯಾರೂ ವಿದ್ಯೆ ಎಂದು ಕರೆಯುವುದಿಲ್ಲ. ಯಾರಿಗೆ ಮೊದಲು ಕೊಡಬೇಕು, ಯಾರಿಗೆ ನಾಳೆ ಎನ್ನಬಹುದು ಎಂಬ ತಿಳಿವಳಿಕೆ ಅದು. ಹಾಲಿನವಳಿಗೆ ಒಂದನೇ ತಾರೀಖು, ಯಾಕೆಂದರೆ ಅವಳ ಮನೆಯ ಒಲೆಯೂ ಅದರಿಂದಲೇ ಉರಿಯಬೇಕು. ಆಮೇಲೆ ಔಷಧಿ. ಆಮೇಲೆ ಕಿರಾಣಿ ಅಂಗಡಿ, ಅವನು ಅರ್ಧ ತೆಗೆದುಕೊಂಡು ಅರ್ಧ ಬರೆದುಕೊಳ್ಳುತ್ತಾನೆ. ಕರೆಂಟಿನವರು ಕೊನೆ. ಅವರಿಗೆ ಕೊನೆಯ ಜಾಗ ಕೊಟ್ಟದ್ದು ತಾತ್ಸಾರದಿಂದಲ್ಲ. ನಮ್ಮ ಠೇವಣಿ ಮೊದಲೇ ಅವರ ಕೈಯಲ್ಲಿದೆ. ಬಿಲ್ಲು ಬಾಕಿಯಾದರೂ, 2003ರ ವಿದ್ಯುತ್ ಕಾಯಿದೆಯ 56ನೇ ಕಲಮಿನ ಪ್ರಕಾರ ಬರವಣಿಗೆಯಲ್ಲಿ 15 ಪೂರ್ಣ ದಿನಗಳ ನೋಟೀಸು ಕೊಡದೆ ಸಂಪರ್ಕ ಕತ್ತರಿಸುವಂತಿಲ್ಲ. ಹಾಲಿನವಳಿಗೆ ಇದರಲ್ಲಿ ಯಾವ ರಕ್ಷಣೆಯಿದೆ? ಠೇವಣಿಯೂ ಇಲ್ಲ, ಕಾಯಿದೆಯೂ ಇಲ್ಲ. ಹಾಗಿದ್ದೂ ನನ್ನ ಖಾತೆಯೊಳಗೆ ಕೈಹಾಕುವ ಹಕ್ಕು ಸಿಕ್ಕಿದ್ದು ಅವಳಿಗಲ್ಲ, ಠೇವಣಿ ಇಟ್ಟುಕೊಂಡವರಿಗೆ.

2025ರ ಮಳೆಗಾಲದಲ್ಲಿ ಆದದ್ದನ್ನು ಹೇಳುತ್ತೇನೆ. ಬಿಲ್ಲಿನ ಚೀಟಿ ಗೇಟಿಗೆ ಸಿಕ್ಕಿಸಿದ್ದು ನೆನೆದು ಮುದ್ದೆಯಾಗಿತ್ತು. ಮೊದಲಾಗಿದ್ದರೆ ಕಾವಲಿಯ ಮೇಲಾದರೂ ಒಣಗಿಸಿ ಓದುತ್ತಿದ್ದೆ. ತಾನಾಗಿಯೇ ಕಟ್ ಆಗುತ್ತದಲ್ಲ ಎಂದು ಕಸದ ಬುಟ್ಟಿಗೆ ಹಾಕಿದೆ. ನನ್ನ ತಪ್ಪು ಇದ್ದರೆ ಇಷ್ಟೇ. ಈ ಏರ್ಪಾಡಿನ ದೊಡ್ಡ ಕೇಡೂ ಇದೇ ಎಂದು ಈಗ ತಿಳಿದಿದೆ: ಅದು ಹಣ ತೆಗೆಯುವುದಕ್ಕೆ ಮುಂಚೆ ನೋಡುವ ಅಭ್ಯಾಸವನ್ನು ತೆಗೆಯುತ್ತದೆ.

ನಾಲ್ಕಾರು ದಿನದ ಮೇಲೆ ಮಾತ್ರೆಗೆಂದು ಹಣ ತೆಗೆಯಲು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ ಚೀಟಿ ಹಿಂದಕ್ಕೆ ತಳ್ಳಿ, "ಇಷ್ಟು ಬ್ಯಾಲೆನ್ಸ್ ಇಲ್ಲಮ್ಮ" ಎಂದ. ಹಿಂದೆ ನಾಲ್ಕು ಜನ ನಿಂತಿದ್ದರು. ನನ್ನ ಕಿವಿ ಬಿಸಿಯಾಯಿತು. ಜೀವಮಾನದಲ್ಲಿ ಸಾಲದ ಅಂಗಡಿಯಲ್ಲೂ ಕೇಳದ ಮಾತು ಅದು. ಪಾಸ್‌ಬುಕ್ ಮುದ್ರಿಸಿ ಕೊಡಪ್ಪ ಎಂದೆ. ನೋಡಿದರೆ ಕರೆಂಟಿನ ಬಾಬ್ತು 4,600ಕ್ಕೆ ಹತ್ತಿರ ಹೋಗಿದೆ. ಅದರ ಹಿಂದೆಯೇ ಆರೋಗ್ಯ ವಿಮೆಯ ಕಂತು ತೆಗೆಯಲು ಬಂದು, ಹಣ ಸಾಲದೆ ವಾಪಸಾಗಿ, ವಾಪಸಾದದ್ದಕ್ಕೆ 250 ರೂಪಾಯಿ ದಂಡ, ಆ ದಂಡದ ಮೇಲೆ ನೂರಕ್ಕೆ 18ರ ಜಿಎಸ್‌ಟಿ. 295 ರೂಪಾಯಿ. ಹಣವಿಲ್ಲದವಳಿಗೆ ಹಣವಿಲ್ಲವೆಂದು ಹೇಳುವುದಕ್ಕೆ ಆ ಬೆಲೆ.

ಮನೆಗೆ ಬಂದು ಸ್ಟೂಲು ಹಾಕಿಕೊಂಡು ಮೀಟರು ನೋಡಿದೆ. ಓದಿದವನು ನೂರರ ಸ್ಥಾನದ 2 ಅನ್ನು 8 ಎಂದು ಹಾಕಿದ್ದಾನೆ. 64 ಯೂನಿಟ್ಟು 664 ಆಗಿದೆ. ನನ್ನ ಉಚಿತದ ಮಿತಿ 77. 2022-23ರ ಸರಾಸರಿಗೆ ನೂರಕ್ಕೆ 10 ಸೇರಿಸಿ ಕೊಟ್ಟದ್ದು ಅಷ್ಟು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ ಎಂಬುದು ಆ ಯೋಜನೆಯ ನಿಯಮ. ಸೊನ್ನೆ ಬರಬೇಕಾದ ಕಡೆ ಒಂದೇ ಅಂಕಿಯ ತಪ್ಪಿನಿಂದ ನನ್ನ ಪಿಂಚಣಿಯ ಕಾಲು ಪಾಲು ಹೋಗಿತ್ತು. ಕೌಂಟರಿನಲ್ಲಿ ಕಟ್ಟುವವಳಾಗಿದ್ದರೆ ಬಿಲ್ಲು ಹಿಡಿದು ಜಗಳವಾಡಿ, ತಿದ್ದಿಸಿ, ಒಂದು ಪೈಸೆ ಕೊಡದೆ ಬರುತ್ತಿದ್ದೆ. ಹಣ ನನ್ನ ಕೈಯಲ್ಲಿದ್ದಾಗ ಜಗಳ, ಅವರ ಕೈಗೆ ಹೋದ ಮೇಲೆ ಅರ್ಜಿ.

ಕಚೇರಿಯವರು ತಪ್ಪು ಒಪ್ಪಿದರು, ಅದನ್ನು ಹೇಳಬೇಕು. ಮೀಟರಿನ ಫೋಟೋ ನೋಡಿದ ಕೂಡಲೇ ಒಪ್ಪಿದರು. "ಚಿಂತೆ ಮಾಡಬೇಡಿ ಅಮ್ಮ, ಹಣ ಎಲ್ಲೂ ಹೋಗಲ್ಲ, ಮುಂದಿನ ಬಿಲ್ಲುಗಳಲ್ಲಿ ವಜಾ ಆಗುತ್ತೆ" ಎಂದರು. ನಾನು ಕೇಳಿದೆ: "ನನ್ನ ಬಿಲ್ಲು ತಿಂಗಳೂ ಸೊನ್ನೆ ಬರುತ್ತದಲ್ಲಪ್ಪ. ಸೊನ್ನೆಯಲ್ಲಿ 4,600 ವಜಾ ಆಗಲು ಎಷ್ಟು ತಿಂಗಳು ಬೇಕು?" ಆತ ಕಂಪ್ಯೂಟರಿನ ಕಡೆ ನೋಡಿದ. ಪಕ್ಕದ ಮೇಜಿನ ಹೆಣ್ಣುಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಹಣ ತೆಗೆಯುವುದಕ್ಕೆ ಕಂಪ್ಯೂಟರಿನಲ್ಲಿ ಜಾಗವಿದೆ, ಕೊಡುವುದಕ್ಕೆ ಇಲ್ಲ. ತೆಗೆಯುವುದು ತಾನಾಗಿಯೇ ಆಗುತ್ತದೆ. ಕೊಡಬೇಕಾದಾಗ ಅರ್ಜಿ, ಪಾಸ್‌ಬುಕ್ಕಿನ ಜೆರಾಕ್ಸು, ರದ್ದು ಮಾಡಿದ ಚೆಕ್ಕು, ಸಾಹೇಬರ ರುಜು, ಸಾಹೇಬರು ಮೀಟಿಂಗು.

ಅದೇ ಬಿಲ್ಲಿನ ಪ್ರತಿ ತೆಗೆಸಿ ಓದುವಾಗ ಇನ್ನೊಂದು ಸಂಗತಿ ಕಂಡಿತು. 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆಯಂತೆ ಒಂದು ಮೇಲ್ತೆರಿಗೆಯಂಥದ್ದು ಸೇರಿಸಿದ್ದಾರೆ, ಅದು ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಗಾಗಿ. ಅವರ ಪಿಂಚಣಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಮನೆಯಲ್ಲೂ ನನ್ನಂಥ ಒಬ್ಬಳಿರುತ್ತಾಳೆ. ಆದರೆ ನನ್ನ ಪಿಂಚಣಿಯಿಂದ ಅವರ ಪಿಂಚಣಿಗೆ ಹೋಗುವ ದಾರಿ ಇಷ್ಟು ನುಣುಪಾಗಿರುವಾಗ, ತಪ್ಪಾಗಿ ಹೋದದ್ದು ವಾಪಸು ಬರುವ ದಾರಿಯಲ್ಲಿ ಮಾತ್ರ ಇಷ್ಟು ಕಲ್ಲುಮುಳ್ಳು ಯಾಕೆ?

ಮಗನಿಗೆ ಫೋನು ಮಾಡಿದೆ. "ಹಿಂದಿನ ದಿನ ಮೆಸೇಜು ಬಂದಿತ್ತಂತಲ್ಲೋ?" ಎಂದರೆ, "ಬಂದಿತ್ತಮ್ಮ, ದಿನಕ್ಕೆ ಐವತ್ತು ಮೆಸೇಜು ಬರುತ್ತೆ, ನೋಡಲಿಲ್ಲ" ಎಂದ. ಅವನ ಮೇಲೆ ಸಿಟ್ಟಿಲ್ಲ. ರಿಸರ್ವ್ ಬ್ಯಾಂಕಿನವರು 2021ರ ಅಕ್ಟೋಬರ್ 1ರಿಂದ ಕಾರ್ಡು, ಯುಪಿಐಗಳ ಇಂಥ ಏರ್ಪಾಡಿಗೆ ಒಂದು ಒಳ್ಳೆಯ ನಿಯಮ ತಂದಿದ್ದಾರೆ: ಹಣ ತೆಗೆಯುವ 24 ಗಂಟೆ ಮುಂಚೆ ತಿಳಿಸಬೇಕು, ಬೇಡವೆಂದರೆ ಬಿಡಬೇಕು. ಒಳ್ಳೆಯದೇ. ಆದರೆ ತಿಳಿಸುವುದು ಯಾರಿಗೆ? ಹಣ ನನ್ನದು, ಸುದ್ದಿ ಮಗನಿಗೆ. ನಮ್ಮೂರಿನಲ್ಲಿ ನನ್ನ ವಯಸ್ಸಿನ ಹೆಂಗಸರನ್ನು ಕೇಳಿ ನೋಡಿ. ಪಿಂಚಣಿ ಖಾತೆಗೆ ಕೊಟ್ಟ ನಂಬರು ಮಗನದು, ಅಳಿಯನದು, ಮೈದುನನ ಮಗನದು. ಮೊದಲು ಸಂಬಳದ ಕವರು ಗಂಡನ ಜೇಬಿನಲ್ಲಿರುತ್ತಿತ್ತು, ಈಗ ಒಟಿಪಿ ಮಗನ ಜೇಬಿನಲ್ಲಿದೆ. ಜೇಬಿಲ್ಲದ ಸೀರೆ ಉಟ್ಟವರ ಪಾಡು ಮಾತ್ರ ಬದಲಾಗಿಲ್ಲ.

ಇನ್ನೊಂದು ಮಾತು. ಒಟಿಪಿ ಕೇಳದೆ ಹೀಗೆ ತೆಗೆಯಬಹುದಾದ ಮೊತ್ತ ಮೊದಲು ಒಂದು ಸಲಕ್ಕೆ 5,000 ಇತ್ತು, 2022ರ ಜೂನ್‌ನಲ್ಲಿ ಅದನ್ನು 15,000 ಮಾಡಿದರು. ಯಾರ ಅನುಕೂಲದ 15,000 ಅದು? ನನಗೆ ಅದು ಹೆಚ್ಚುಕಡಿಮೆ ಇಡೀ ತಿಂಗಳು. ನಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಟ್ಟು, ಸವೆದ ಬೆರಳನ್ನು ಯಂತ್ರಕ್ಕೆ ನಾಲ್ಕು ಸಲ ಒತ್ತಿ ರುಜುವಾತು ಮಾಡಬೇಕು. ನನ್ನಿಂದ ತೆಗೆಯುವವರು ಇಷ್ಟು ಯೂನಿಟ್ಟು ಉರಿದದ್ದು ನಿಜವೇ ಎಂದು ಯಾವ ರುಜುವಾತನ್ನೂ ಕೊಡಬೇಕಿಲ್ಲ.

ನನ್ನ ನಾದಿನಿ ಇಂಗ್ಲೆಂಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡರೆ, "ಅತ್ತಿಗೆ, ಇಲ್ಲೂ ಅದೇ ರಾಮಾಯಣ" ಎಂದಳು. ಅಲ್ಲಿ ಅದಕ್ಕೆ ಡೈರೆಕ್ಟ್ ಡೆಬಿಟ್ ಎನ್ನುತ್ತಾರೆ. ಗ್ಯಾಸಿಗೂ ಕರೆಂಟಿಗೂ ಬೇಸಿಗೆ ಚಳಿಗಾಲ ಎನ್ನದೆ ತಿಂಗಳಿಗೆ ಇಷ್ಟೆಂದು ಒಂದೇ ಮೊತ್ತ ತೆಗೆಯುತ್ತಾರೆ. ಬೇಸಿಗೆಯಲ್ಲಿ ಉಳಿದ ಇವಳ ಹಣ ಚಳಿಗಾಲದವರೆಗೆ ಕಂಪನಿಯ ಬಳಿ ಕೂತಿರುತ್ತದೆ. ಹೀಗೆ ಬೇಡ, ಬಿಲ್ಲು ನೋಡಿ ಕಟ್ಟುತ್ತೇನೆ ಎಂದವರಿಗೆ ದರವೇ ಹೆಚ್ಚು. ನೋಡುವುದಕ್ಕೂ ಶುಲ್ಕ! ಆದರೆ ಒಂದು ವಿಷಯದಲ್ಲಿ ಅವಳು ನನಗಿಂತ ಮೇಲು. ತಪ್ಪಾಗಿ ತೆಗೆದರೆ ಅಲ್ಲಿನ ಗ್ಯಾರಂಟಿಯ ಪ್ರಕಾರ ಬ್ಯಾಂಕೇ ಕೂಡಲೇ ಪೂರ್ತಿ ಹಣ ವಾಪಸು ಹಾಕಬೇಕು, ಕಂಪನಿಯೊಡನೆ ಆಮೇಲೆ ಬಡಿದಾಡಿಕೊಳ್ಳಬೇಕು. ನಾನು ಯಂತ್ರದ ವಿರೋಧಿಯಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆದೆ. ಮಂಡಿನೋವಿನವರಿಗೆ, ಹಾಸಿಗೆ ಹಿಡಿದವರಿಗೆ, ಬಿಲ್ ಕೌಂಟರು ಎರಡು ಮೈಲಿ ದೂರವಿರುವವರಿಗೆ ಇದರಿಂದ ಉಪಕಾರವಿದೆ. ಕೊಡುವ ನಿಯಮವೂ ತೆಗೆಯುವ ನಿಯಮದಷ್ಟೇ ಚುರುಕಾಗಿರಲಿ ಎಂಬುದಷ್ಟೇ ನನ್ನ ತಕರಾರು.

"ಕರೆಂಟನ್ನೇ ಪುಕ್ಕಟೆ ಕೊಡುತ್ತಿದ್ದಾರಲ್ಲ, ನಿಮಗಿನ್ನೇನು ದೂರು?" ಎಂದು ಎದುರುಮನೆಯ ನಿವೃತ್ತ ಮೇಷ್ಟರು ಕೇಳಿದರು. ಸರ್ಕಾರ ನನ್ನ ಪರವಾಗಿ ಕಟ್ಟುವುದು ಸರ್ಕಾರದ ಧರ್ಮ, ನನ್ನ ಖಾತೆಗೆ ನಾನು ಯಜಮಾನಿ ಎಂಬುದು ನನ್ನ ಹಕ್ಕು. ಒಂದನ್ನು ಕೊಟ್ಟಿದ್ದೇವೆಂದು ಇನ್ನೊಂದನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಅವರ ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾರೆ. ಮಾರನೆಯ ದಿನ ತಮ್ಮ ಪಾಸ್‌ಬುಕ್ ಹಿಡಿದು ನಮ್ಮ ಮನೆಗೆ ಬಂದು, "ಇದರಲ್ಲಿ ಏನೇನು ಕಟ್ ಆಗುತ್ತಿದೆ, ಸ್ವಲ್ಪ ನೋಡಿ ಹೇಳ್ತೀರಾ?" ಎಂದರು. ನೋಡಿದೆವು. ಅವರು ಎಂದೂ ಕೇಳಿರದ ಯಾವುದೋ ಅಪಘಾತ ವಿಮೆಗೆ ವರ್ಷ ವರ್ಷವೂ ಹಣ ಹೋಗುತ್ತಿತ್ತು.

ನಾನು ಮಾಡಿದ್ದಿಷ್ಟು. ಬ್ಯಾಂಕಿಗೆ ಹೋಗಿ ಖಾತೆಯ ನಂಬರು ಬದಲಿಸಿ ನನ್ನ ಚಿಕ್ಕ ಫೋನಿನ ನಂಬರು ಕೊಟ್ಟೆ. ಕರೆಂಟಿನ ಆಟೋ ಪೇ ರದ್ದು ಮಾಡಿಸಿದೆ. ವಿಮೆಯದನ್ನು ಉಳಿಸಿಕೊಂಡೆ, ಆದರೆ ಮೇಲಿನ ಮಿತಿಯನ್ನು ಕಂತಿನ ಮೊತ್ತಕ್ಕೆ ಇಳಿಸಿ ಹೊಸದಾಗಿ ಮಾಡಿಸಿದೆ. ವಜಾ ಬೇಡ, ಹಣವೇ ಬೇಕು, ಇಲ್ಲದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗುತ್ತೇನೆ ಎಂದು ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬಂದೆ. ಆ ಸೀಲಿನ ಪ್ರತಿ ಇದೆಯಲ್ಲ, ಅದಕ್ಕಿರುವ ಬಲ ನನ್ನ ಕಣ್ಣೀರಿಗೆ ಇರಲಿಲ್ಲ. ಹನ್ನೊಂದು ವಾರಕ್ಕೆ ಹಣ ಬಂತು. ಮಗ ಸ್ವಲ್ಪ ದಿನ ಮುನಿಸಿಕೊಂಡಿದ್ದ. "ನನ್ನ ಮೇಲೆ ನಂಬಿಕೆಯಿಲ್ಲ ಅಂತ ತಾನೇ" ಎಂದ. "ನಿನ್ನ ಮೇಲೆ ಇದೆಯಪ್ಪ, ಮೀಟರು ಓದುವವನ ಮೇಲೆ ಇಲ್ಲ" ಎಂದೆ.

ಈಗ ಆ ಹುಡುಗ ತಿಂಗಳೂ ಗೇಟಿನಲ್ಲಿ ನಿಂತು, "ಅಮ್ಮಾ, ಬನ್ನಿ, ಅಂಕಿ ನೀವೇ ಹೇಳಿ" ಎಂದು ಕರೆಯುತ್ತಾನೆ. ಕೈ ಒರೆಸಿಕೊಂಡು ಹೋಗಿ ಒಂದೊಂದಾಗಿ ಓದುತ್ತೇನೆ, ಅವನು ಒತ್ತುತ್ತಾನೆ. ಆ 295 ರೂಪಾಯಿ ಮಾತ್ರ ಇನ್ನೂ ಬಂದಿಲ್ಲ. ಕರೆಂಟಿನವರು ಅದು ಬ್ಯಾಂಕಿನ ದಂಡ ಎನ್ನುತ್ತಾರೆ, ಬ್ಯಾಂಕಿನವರು ಅದು ಕರೆಂಟಿನವರ ತಪ್ಪು ಎನ್ನುತ್ತಾರೆ. ನಾನು ಎರಡೂ ಕಡೆಗೆ ಅರ್ಜಿ ಕೊಟ್ಟಿದ್ದೇನೆ.