ದೊಡ್ಡ ಕ್ಲಬ್ಬಿಗೆ ಕಾಯಂ ಸೀಟು ಯಾಕೆ?

ನಮ್ಮ ಹಂಗಳದ ಮೇಲೆ ಹಾದು ಹೋಗುವ ಊಟಿ ರಸ್ತೆಯಲ್ಲಿ ನಿಲಂಬೂರು, ಮಲಪ್ಪುರಂ ಕಡೆಯ ಗಾಡಿಗಳಿಗೆ ಬರವಿಲ್ಲ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಚೆಕ್‌ಪೋಸ್ಟ್ ಮುಚ್ಚುವ ಮುಂಚೆ ಟೀ ಕುಡಿಯಲು ಇಳಿದವರು ಫುಟ್‌ಬಾಲ್ ಮಾತು ತೆಗೆದರೆ ಬೆಂಗಳೂರು ಎಫ್‌ಸಿಗೆ ಬೈಗುಳ ಖಾತ್ರಿ. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಸುನಿಲ್ ಚೆಟ್ರಿಯ ಫ್ರೀಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಯಿತಲ್ಲ, ಆ ಜಗಳ ಇನ್ನೂ ಆರಿಲ್ಲ. ಅದಿರಲಿ. ಅವರ ಇನ್ನೊಂದು ತಕರಾರಿಗೆ ಮಾತ್ರ ನಮ್ಮ ಹತ್ತಿರ ಉತ್ತರವಿಲ್ಲ. ಗೋಕುಲಂ ಕೇರಳ 2021 ಮತ್ತು 2022ರಲ್ಲಿ ಸಾಲಾಗಿ ಐ-ಲೀಗ್ ಗೆದ್ದರೂ ಅದರ ಮೇಲಿನ ಲೀಗಾದ ಐಎಸ್‌ಎಲ್‌ನ ಬಾಗಿಲು ತೆರೆಯಲಿಲ್ಲ. 2023–24ರಲ್ಲಿ 22 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದ ಹೈದರಾಬಾದ್ ಮಾತ್ರ ಒಳಗೇ ಉಳಿಯಿತು. ಇದ್ಯಾವ ನ್ಯಾಯ?

ಅದೇ ವರ್ಷ ಬೆಂಗಳೂರಿನಲ್ಲೇ ನಡೆದದ್ದನ್ನು ನೋಡಿ. ಎಸ್‌ಸಿ ಬೆಂಗಳೂರು ಎಂಬ ಸಣ್ಣ ಕ್ಲಬ್ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಹತ್ತಿತು. ಮರುವರ್ಷ ಸೋತು ಸುಣ್ಣವಾಗಿ ಹಿಂಬಡ್ತಿ ಪಡೆಯಿತು. ಯಾರೂ ಅದರ ಪರ ಅರ್ಜಿ ಬರೆಯಲಿಲ್ಲ. ಆ 2023–24ರಲ್ಲೇ ಬಿಎಫ್‌ಸಿ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತ್ತು. ಕೊನೆಯ ವಾರಗಳಲ್ಲಿ ಎದೆ ಡವಗುಟ್ಟಬೇಕಿತ್ತು. ಡವಗುಟ್ಟಲಿಲ್ಲ, ಯಾಕೆಂದರೆ ಇಳಿಯುವ ಭಯವೇ ಇರಲಿಲ್ಲ. 2024–25ರಿಂದ ಐಎಸ್‌ಎಲ್‌ನಲ್ಲೂ ಹಿಂಬಡ್ತಿ ಎಂದು 2019ರಲ್ಲೇ ಮಾತಾಗಿತ್ತು. ಆ ಸೀಸನ್ ಮುಗಿದಾಗ ತಳದಲ್ಲಿದ್ದದ್ದು 1891ರ ಮೊಹಮ್ಮಡನ್ ಸ್ಪೋರ್ಟಿಂಗ್. ಅದೂ ಇಳಿಯಲಿಲ್ಲ.

ಬಿಎಫ್‌ಸಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹುಟ್ಟಿದ ಮೊದಲ ಸೀಸನ್ನಿನಲ್ಲೇ, ಆಗ ದೇಶದ ಮೇಲಿನ ಲೀಗಾಗಿದ್ದ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ತಂಡ ಅದು. ಆದರೆ ಅದಕ್ಕೂ ಮೊದಲು ಬೆಂಗಳೂರಿನ ಹೆಸರು ಹೊತ್ತು ಐ-ಲೀಗ್ ಆಡುತ್ತಿದ್ದದ್ದು ಎಚ್‌ಎಎಲ್. ಕಾರ್ಖಾನೆಯ ಕೆಲಸದ ಜೊತೆಗೆ ಚೆಂಡೊದ್ದವರ ತಂಡ. 2012ರಲ್ಲಿ ಅದು ಕೊನೆಗೆ ಬಿದ್ದು ಕೆಳಗಿಳಿಯಿತು. ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದ ಗೋವಾದ ಡೆಂಪೊ 2015ರಲ್ಲಿ ಇಳಿಯಿತು. ಆಗ ನಿಯಮ ನಿಯಮವೇ ಆಗಿತ್ತು. ಕೋಟಿಗಟ್ಟಲೆ ಸುರಿದವರು ಬಂದ ಮೇಲೆ ಅದೇ ನಿಯಮ ಕ್ರೌರ್ಯವಾಗಿ ಕಾಣತೊಡಗಿತು.

ಹಿಂಬಡ್ತಿ ಬೇಡ ಎನ್ನುವವರ ಗಟ್ಟಿ ವಾದ ಒಂದಿದೆ. ಭಾರತದಲ್ಲಿ ಕೆಳಗೆ ಇಳಿಯುವುದೆಂದರೆ ಸಾಯುವುದು, ಅಲ್ಲಿ ಟೀವಿಯಿಲ್ಲ, ಜಾಹೀರಾತಿಲ್ಲ, ಹಣವಿಲ್ಲ ಎನ್ನುತ್ತಾರೆ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಹಿಂಬಡ್ತಿ ಪಡೆದು, ಅದೇ ವರ್ಷ ಬಾಗಿಲು ಹಾಕಿತು. ನಿಜ. ಆದರೆ ಹಿಂದಿನ ವರ್ಷ ಮುಂಬೈಯ ಮಹೀಂದ್ರ ಯುನೈಟೆಡ್ ಮುಚ್ಚಿತಲ್ಲ, ಅದನ್ನು ಯಾರೂ ಇಳಿಸಿರಲಿಲ್ಲ. ಮಾಲೀಕರಿಗೆ ಬೇಡವಾಯಿತು, ಅಷ್ಟೆ. ಇನ್ನೂ ಹತ್ತಿರದ್ದು ಬೇಕೆ? 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ಭವಿಷ್ಯವೇ ಡೋಲಾಯಮಾನವಾಗಿದ್ದಾಗ, ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಾಯಂ ಸೀಟು ಯಾರ ಮನೆಯ ಒಲೆಯನ್ನೂ ಉರಿಸಲಿಲ್ಲ.

ಹೊರಗೆ ಕಣ್ಣು ಹಾಯಿಸಿ. ಅರ್ಜೆಂಟೀನಾದ ರಿವರ್ ಪ್ಲೇಟ್ 2011ರಲ್ಲಿ ಇಳಿದಾಗ ಕ್ರೀಡಾಂಗಣದಲ್ಲಿ ದೊಂಬಿಯಾಯಿತು. ಮರುವರ್ಷ ಹತ್ತಿ ಬಂದು, 2015ರಲ್ಲಿ ಖಂಡದ ಕಪ್ಪನ್ನೇ ಗೆದ್ದಿತು. ಪೆಲೆ ಆಡಿದ ಸ್ಯಾಂಟೋಸ್ 2023ರಲ್ಲಿ ಮೊದಲ ಸಲ ಬಿದ್ದು, ಮರುವರ್ಷವೇ ಎದ್ದಿತು. ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್ಬಿಗೆ ಕೆಲವು ವರ್ಷ ಟೀವಿ ಹಣದ ಪಾಲು ಕೊಡುತ್ತಾರೆ, ಏಕಾಏಕಿ ಮುಗ್ಗರಿಸದಿರಲಿ ಎಂದು.

ನಮ್ಮ ಫೆಡರೇಷನ್ ಮಾಡಬೇಕಾದದ್ದು ಇದು. ಕೊನೆಯ ಸ್ಥಾನಕ್ಕೆ ಬಂದವರು ಇಳಿಯಲಿ, ಹೆಸರು ಮೋಹನ್ ಬಾಗಾನ್ ಇದ್ದರೂ ಸರಿ, ಬಿಎಫ್‌ಸಿ ಇದ್ದರೂ ಸರಿ. ಮೇಲಿನ ಲೀಗಿನ ಆದಾಯದಲ್ಲಿ ಒಂದು ಪಾಲು ಕೆಳಗಿನ ಲೀಗುಗಳಿಗೆಂದು ಕರಾರಿನಲ್ಲೇ ಬರೆಯಲಿ. ಇಳಿದ ತಂಡದ ಹುಡುಗರ ಎರಡು ವರ್ಷದ ಸಂಬಳಕ್ಕೆ ಮಾಲೀಕರಿಂದ ಮುಂಚೆಯೇ ಠೇವಣಿ ಇಡಿಸಿಕೊಳ್ಳಲಿ. ಠೇವಣಿ ಇಡಲಾಗದವರಿಗೆ ಕ್ಲಬ್ ನಡೆಸುವ ಪರವಾನಗಿಯೇ ಬೇಡ.